ನೀರು ತಿಳಿಯಾದರೆ ಹೊಳೆ ಚೆನ್ನಾಗಿದೆ ಎಂದೇ? ಜೀಬ್ರಾ ಕಪ್ಪೆಚಿಪ್ಪಿನ ಪಾಠ ಹೇಗೆ ಮಾಡಲಿ

ಹೊಳೆದಂಡೆ

ಎಲ್ಲರಿಗೂ ನಮಸ್ಕಾರ. ನ್ಯೂಯಾರ್ಕ್ ರಾಜ್ಯದಲ್ಲಿ, ಹಡ್ಸನ್ ನದಿಯ ದಂಡೆಯ ಊರೊಂದರಲ್ಲಿ ಏಳನೆಯ ತರಗತಿಗೆ ವಿಜ್ಞಾನ ಕಲಿಸುತ್ತೇನೆ. ಹುಟ್ಟಿದ್ದು ಮಲೆನಾಡಿನಲ್ಲಿ. ಕಳೆದ ವಾರ ಒಂದು ಪಾಠ ಕೈಕೊಟ್ಟಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಪಾಠ ಜೀಬ್ರಾ ಕಪ್ಪೆಚಿಪ್ಪಿನದು. ಉಗುರಿನಷ್ಟೇ ಗಾತ್ರ, ಮೈಮೇಲೆ ಕಂದು ಪಟ್ಟೆ. ಮೂಲ ಕಪ್ಪು ಸಮುದ್ರ ಮತ್ತು ಕ್ಯಾಸ್ಪಿಯನ್ ಸುತ್ತಿನ ನೀರು. ಹಡಗುಗಳು ಸಮತೋಲಕ್ಕಾಗಿ ಹೊಟ್ಟೆಯಲ್ಲಿ ತುಂಬಿಕೊಂಡು ಬರುವ ನೀರಿನಲ್ಲಿ ಮರಿಗಳು ಅಮೆರಿಕಕ್ಕೆ ಬಂದವು ಎನ್ನುತ್ತಾರೆ. 1988ರಲ್ಲಿ ಸೇಂಟ್ ಕ್ಲೇರ್ ಸರೋವರದಲ್ಲಿ ಕಂಡವು, 1991ರಲ್ಲಿ ನಮ್ಮ ನದಿಯಲ್ಲಿ, ಕ್ಯಾಟ್‌ಸ್ಕಿಲ್ ಊರಿನ ಹತ್ತಿರ. 1992 ಮುಗಿಯುವಷ್ಟರಲ್ಲಿ ನದಿಯ ಸಿಹಿನೀರಿನ ಭಾಗದಲ್ಲಿ ಇವುಗಳ ಒಟ್ಟು ತೂಕವು ಮೀನು, ಹುಳು, ಬ್ಯಾಕ್ಟೀರಿಯ ಸೇರಿದಂತೆ ಉಳಿದೆಲ್ಲ ತಿನ್ನುವ ಜೀವಿಗಳ ತೂಕವನ್ನು ಮೀರಿತ್ತು.

ಒಣ ಚಿಪ್ಪುಗಳ ಡಬ್ಬಿಯನ್ನು ಮಕ್ಕಳ ಕೈಗೆ ಕೊಟ್ಟೆ, ಕಥೆ ಹೇಳಿದೆ, ಎರಡು ಲೋಟ ತೋರಿಸಿದೆ: ಒಂದರಲ್ಲಿ ಹಸಿರು ನೀರು, ಇನ್ನೊಂದರಲ್ಲಿ ತಿಳಿ ನೀರು. ಕೊನೆಯಲ್ಲಿ "ನದಿಗೆ ಏನಾಯಿತು ಬರೆಯಿರಿ" ಎಂದೆ. ಇಬ್ಬರನ್ನು ಬಿಟ್ಟು ಉಳಿದವರೆಲ್ಲ "ನದಿ ಸ್ವಚ್ಛವಾಯಿತು" ಎಂದು ಬರೆದರು. ಒಬ್ಬಳು ಕಪ್ಪೆಚಿಪ್ಪಿನ ಕೊರಳಿಗೆ ಚಿನ್ನದ ಪದಕ ಹಾಕಿ ಚಿತ್ರವನ್ನೂ ಬಿಡಿಸಿದ್ದಳು. ಚಿತ್ರ ಚೆನ್ನಾಗಿತ್ತು, ಅದೇ ತೊಂದರೆ.

ನೀವಾಗಿದ್ದರೆ ಎಲ್ಲಿಂದ ಶುರು ಮಾಡುತ್ತಿದ್ದಿರಿ?

ಮಲೆನಾಡ ಮೇಷ್ಟ್ರು

ತಂಗೀ, ಚಿಪ್ಪಿನಿಂದ ಶುರು ಮಾಡಿದ್ದೇ ಎಡವಟ್ಟು. ಪಾಚಿಯಿಂದ ಶುರು ಮಾಡಬೇಕಿತ್ತು.

ಮಕ್ಕಳಿಗೆ ಪಾಚಿ ಎಂದರೆ ಕಾಲು ಜಾರಿಸುವ ಕೊಳಕು. ಕೆರೆಯ ಮೆಟ್ಟಿಲಿನ ಪಾಚಿ, ತೊಟ್ಟಿಯ ಗೋಡೆಯ ಪಾಚಿ. ತಾಯಂದಿರು ತಿಕ್ಕಿ ತೊಳೆಯುವುದನ್ನು ನೋಡಿದ ಮಗು, ನೀರಿನ ಹಸಿರು ಹೋಯಿತು ಎಂದರೆ ಸಂತೋಷಪಡದೆ ಇನ್ನೇನು ಮಾಡೀತು? ಕಣ್ಣಿಗೆ ಕಾಣದಷ್ಟು ಸಣ್ಣ ತೇಲುವ ಪಾಚಿಯೇ ಹೊಳೆಯ ಅನ್ನ ಎನ್ನುವುದು ಮೊದಲು ತಲೆಗೆ ಹೋಗಬೇಕು. ಅದನ್ನು ತಿನ್ನುವ ನೀರ್ಚಿಗಟ, ನೀರ್ಚಿಗಟವನ್ನು ತಿನ್ನುವ ಮೀನುಮರಿ. ಈ ಸಾಲು ಗೊತ್ತಾದ ಮೇಲೆ "ನೀರು ತಿಳಿಯಾಯಿತು" ಎಂದು ಹೇಳಿ ನೋಡು. ಒಬ್ಬನಾದರೂ "ಹಾಗಾದರೆ ಊಟ ಎಲ್ಲಿ ಹೋಯಿತು ಮೇಡಂ?" ಎಂದು ಕೇಳುತ್ತಾನೆ.

ನಾವು ಚಿಕ್ಕವರಿದ್ದಾಗ ತುಂಗೆಯ ಮರಳಿನಲ್ಲಿ ಸಿಕ್ಕ ಖಾಲಿ ಕಪ್ಪೆಚಿಪ್ಪನ್ನು ಕಲ್ಲಿಗೆ ತಿಕ್ಕಿ, ಬೆನ್ನಿಗೆ ತೂತು ಮಾಡಿ, ಆ ತೂತಿನ ಅಂಚಿನಿಂದ ಮಾವಿನಕಾಯಿಯ ಸಿಪ್ಪೆ ಹೆರೆಯುತ್ತಿದ್ದೆವು. ಅದರೊಳಗೆ ಒಂದು ಜೀವ ಇತ್ತು, ಅದು ಹೊಳೆಯನ್ನು ಸೋಸುತ್ತಿತ್ತು ಎಂದು ಯಾರೂ ಹೇಳಿಕೊಡಲಿಲ್ಲ. ಮೂವತ್ತು ವರ್ಷ ಪಾಠ ಮಾಡಿದ ಮೇಲೆ ನನಗೇ ತಿಳಿದದ್ದು.

ಸಂಶಯಾತ್ಮ

ಕ್ಷಮಿಸಿ, ನನಗೆ ಆ ಹುಡುಗಿಯ ಚಿತ್ರವೇ ಸರಿ ಎನಿಸುತ್ತದೆ. ಪುಕ್ಕಟೆಯಾಗಿ ನೀರು ಸೋಸುವ ಜೀವಿ. ಬೆಂಗಳೂರಿನ ಕೆರೆಗಳಲ್ಲಿ ನೊರೆ ಉಕ್ಕಿ ರಸ್ತೆಗೆ ಬರುವುದನ್ನು ನೋಡಿದವರಿಗೆ ನೀವು "ತಿಳಿನೀರು ಕೆಟ್ಟದ್ದು" ಎಂದರೆ ನಗು ಬರುತ್ತದೆ. ನಾಲ್ಕು ಬುಟ್ಟಿ ತಂದು ಇಲ್ಲಿ ಬಿಡಬಾರದೇಕೆ?

ಹೊಳೆದಂಡೆ

ಸಂಶಯಾತ್ಮ ಅವರೇ, ಇದೇ ಪ್ರಶ್ನೆಯನ್ನು ನನ್ನ ತರಗತಿಯಲ್ಲಿ ಯಾರಾದರೂ ಕೇಳಬೇಕಿತ್ತು!

ತಿಳಿನೀರು ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಯಾತಕ್ಕೆ ತಿಳಿಯಾಯಿತು ಎನ್ನುವುದು ಮುಖ್ಯ. ಕೊಳಕು ನಿಂತು ತಿಳಿಯಾಗುವುದು ಬೇರೆ, ಅನ್ನದ ಪಾತ್ರೆ ಬರಿದಾಗಿ ತಿಳಿಯಾಗುವುದು ಬೇರೆ. ಹಡ್ಸನ್‌ನಲ್ಲಿ ತೇಲುವ ಪಾಚಿ ಶೇ. 80ರಿಂದ 90ರಷ್ಟು ಕುಸಿಯಿತು. ಅದನ್ನು ನೆಚ್ಚಿಕೊಂಡ ಅತಿ ಸಣ್ಣ ಪ್ರಾಣಿಗಳೂ ಅದೇ ಪ್ರಮಾಣದಲ್ಲಿ ಬಿದ್ದವು. ಬೇಸಿಗೆಯಲ್ಲಿ ನೀರಿನಲ್ಲಿ ಕರಗಿದ ಆಮ್ಲಜನಕವೂ ಇಳಿಯಿತು: ಪಾಚಿ ತಯಾರಿಸುವುದು ನಿಂತಿತು, ಚಿಪ್ಪುಗಳು ಉಸಿರಾಡುವುದು ಹೆಚ್ಚಿತು.

ನಡುಹೊಳೆಯ ಮೀನುಗಳಿಗೆ, ಉದಾಹರಣೆಗೆ ಅಮೆರಿಕನ್ ಶ್ಯಾಡ್ ಮರಿಗಳಿಗೆ, ಹೊಡೆತ ಬಿತ್ತು. ಆದರೆ ದಡದ ಕಳೆಗಿಡಗಳ ನಡುವೆ ಬದುಕುವ ಸನ್‌ಫಿಶ್‌ನಂಥ ಮೀನುಗಳು ಹೆಚ್ಚಿದವು. ಬೆಳಕು ಆಳಕ್ಕೆ ಇಳಿದು ನೀರೊಳಗಿನ ಹುಲ್ಲು ಬೆಳೆಯಲು ಅನುಕೂಲವಾಯಿತು. ಅಂದರೆ ನದಿಯ ಆಸ್ತಿ ನಡುಮನೆಯಿಂದ ಜಗಲಿಗೆ ಬಂತು. ಎಲ್ಲರೂ ಸೋತರು ಎಂದು ಹೇಳಿದರೆ ಅದೂ ಸುಳ್ಳು ಪಾಠ.

ಸರೋವರದೂರು

ಮಿಷಿಗನ್‌ನಿಂದ ಬರೆಯುತ್ತಿದ್ದೇನೆ. ಸಂಶಯಾತ್ಮ ಅವರ "ನಾಲ್ಕು ಬುಟ್ಟಿ"ಗೆ ಉತ್ತರ ನಮ್ಮಲ್ಲಿದೆ.

ಈ ಚಿಪ್ಪು ಕೊಳೆಯನ್ನು ಇಲ್ಲವಾಗಿಸುವುದಿಲ್ಲ. ನೀರಿನಲ್ಲಿದ್ದ ರಂಜಕ, ಸಾರಜನಕಗಳನ್ನು ತಳಕ್ಕೆ ಇಳಿಸಿ ಇಡುತ್ತದೆ, ಅಷ್ಟೆ. ಅಲ್ಲಿ ನಾರಿನಂಥ ಪಾಚಿ ಹುಲುಸಾಗಿ ಬೆಳೆದು, ಗಾಳಿಗೆ ಕಿತ್ತು, ದಡದಲ್ಲಿ ರಾಶಿ ಬಿದ್ದು ಕೊಳೆಯುತ್ತದೆ. ಆ ವಾಸನೆಯನ್ನು ಸಗಣಿ ಗುಂಡಿಗೆ ಹೋಲಿಸಿದರೆ ಸಗಣಿಗೆ ಅವಮಾನ. ಇನ್ನೊಂದು ಗಮ್ಮತ್ತು: ಇದು ಊಟದಲ್ಲಿ ಆರಿಸುತ್ತದೆ. ಹ್ಯೂರಾನ್ ಸರೋವರದ ಸ್ಯಾಗಿನಾ ಕೊಲ್ಲಿಯಲ್ಲಿ ನೋಡಿದ್ದೇನೆಂದರೆ, ಒಳ್ಳೆಯ ಪಾಚಿಯನ್ನು ನುಂಗಿ, ವಿಷ ಉಂಟುಮಾಡಬಲ್ಲ ಮೈಕ್ರೋಸಿಸ್ಟಿಸ್ ಎಂಬ ನೀಲಿ ಹಸಿರು ಪಾಚಿಯನ್ನು ಲೋಳೆಯಲ್ಲಿ ಸುತ್ತಿ ಉಗುಳಿಬಿಡುತ್ತದೆ. ಮಕ್ಕಳು ತಟ್ಟೆಯಲ್ಲಿ ಕರಿಬೇವು ಪಕ್ಕಕ್ಕಿಡುವಂತೆ. ಪೈಪೋಟಿ ಇಲ್ಲದ ಮೇಲೆ ಆ ವಿಷದ ಪಾಚಿಯೇ ಹೆಚ್ಚಿಕೊಳ್ಳುತ್ತದೆ. ನಿಮ್ಮ ಕೆರೆಗೆ ಇದು ಬೇಕೇ?

ಇನ್ನು ನೀರಿನ ಕೊಳವೆ. 1989ರಲ್ಲಿ ನಮ್ಮ ರಾಜ್ಯದ ಮನ್ರೋ ಪಟ್ಟಣಕ್ಕೆ ಈರಿ ಸರೋವರದಿಂದ ನೀರು ಬರುವ ಕೊಳವೆ ಈ ಚಿಪ್ಪುಗಳಿಂದ ಕಟ್ಟಿಕೊಂಡು ಊರಿಗೇ ನೀರು ನಿಂತಿತ್ತು. ಒಂದರ ಮೇಲೊಂದು ಅಂಟುವುದು ಇವುಗಳ ಗುಣ. ಮೈಯಿಂದ ಗಟ್ಟಿ ಎಳೆಗಳನ್ನು ಹೊರಡಿಸಿ ಕಲ್ಲು, ಕಬ್ಬಿಣ, ದೋಣಿ, ಸತ್ತ ಚಿಪ್ಪು, ಏನು ಸಿಕ್ಕರೂ ಹಿಡಿದುಕೊಳ್ಳುತ್ತವೆ. ಬೇಸಿಗೆಯಲ್ಲಿ ಬರಿಗಾಲಲ್ಲಿ ನೀರಿಗೆ ಇಳಿದು ಮಗನ ಅಂಗಾಲು ಕೊಯ್ದುಕೊಂಡಿತು. ಆಮೇಲೆ ಚಪ್ಪಲಿ ಇಲ್ಲದೆ ನೀರಿಗಿಳಿಸಿಲ್ಲ.

ಸಂಶಯಾತ್ಮ

ಬುಟ್ಟಿ ವಾಪಸ್ ತೆಗೆದುಕೊಂಡೆ. ಆದರೆ ಕರಿಬೇವಿನ ಹೋಲಿಕೆ ಒಪ್ಪುವುದಿಲ್ಲ, ಕರಿಬೇವು ಒಳ್ಳೆಯದು.

ಲೆಕ್ಕದ ಮಾಸ್ತರ

ಧಾರವಾಡದಿಂದ. ನನ್ನದು ಗಣಿತ, ಜೀವಶಾಸ್ತ್ರದಲ್ಲಿ ಕೈ ಹಾಕುವುದಿಲ್ಲ. ಆದರೆ ಈ ಪಾಠದಲ್ಲಿ ಒಳ್ಳೆಯದೊಂದು ಲೆಕ್ಕ ಅಡಗಿದೆ. ಮಕ್ಕಳಿಗೆ ಶೇಕಡಾವಾರು ಹೇಳುವುದಕ್ಕಿಂತ ಅವರೇ ಮಾಡಿಕೊಳ್ಳಲಿ.

ಒಂದು ಚಿಪ್ಪು ದಿನಕ್ಕೆ ಸುಮಾರು ಒಂದು ಲೀಟರ್ ನೀರು ಸೋಸುತ್ತದೆ ಎಂದು ಓದಿದೆ. ಮೊದಲ ಪ್ರಶ್ನೆ: ಇಪ್ಪತ್ತು ಲೀಟರಿನ ನೀರಿನ ಕ್ಯಾನ್ ಒಂದೇ ದಿನದಲ್ಲಿ ಸೋಸಲು ಎಷ್ಟು ಚಿಪ್ಪು ಬೇಕು? ಸಣ್ಣವರೂ ಹೇಳುತ್ತಾರೆ, ಇಪ್ಪತ್ತು. ಎರಡನೆಯದು: ನದಿಯ ತಳದಲ್ಲಿ ಒಂದು ಚದರ ಮೀಟರ್ ಚೌಕ ಎಳೆಯಿರಿ. ಅದರ ಮೇಲೆ ನೀರು 8 ಮೀಟರ್ ಆಳ ಎಂದು ಹಿಡಿಯಿರಿ. ಎಷ್ಟು ಲೀಟರ್? ಎಂಟು ಘನ ಮೀಟರ್, ಅಂದರೆ 8000 ಲೀಟರ್. ಆ ಚೌಕದಲ್ಲಿ 4000 ಚಿಪ್ಪು ಇದ್ದರೆ? ಎರಡು ದಿನ. ಎರಡೇ ದಿನಕ್ಕೆ ತಳದಿಂದ ಮೇಲಿನವರೆಗಿನ ನೀರೆಲ್ಲ ಅವುಗಳ ಹೊಟ್ಟೆ ಹೊಕ್ಕು ಹೊರಬಂದಿರುತ್ತದೆ.

ಹೊಳೆದಂಡೆ ಅವರೇ, ನಿಜವಾದ ಸಂಖ್ಯೆ ಇದಕ್ಕೆ ಹತ್ತಿರ ಇದೆಯೇ?

ಹೊಳೆದಂಡೆ

ಮಾಸ್ತರರೇ, ಕೈ ಮುಗಿದೆ. ಹಡ್ಸನ್ ನದಿಯ ಸಿಹಿನೀರಿನ ಭಾಗಕ್ಕೆ ಸಂಶೋಧಕರು ಕೊಟ್ಟ ಅಂದಾಜು 1.2ರಿಂದ 3.6 ದಿನ. ನಿಮ್ಮ ಎರಡು ದಿನ ಅದರ ನಡುವೆಯೇ ಕೂತಿದೆ. ಇವು ಬರುವ ಮೊದಲು ನದಿಯ ಸೋಸುವ ಜೀವಿಗಳೆಲ್ಲ ಸೇರಿ ಇಷ್ಟೇ ನೀರು ಸೋಸಲು ವಾರಗಟ್ಟಲೆ ತೆಗೆದುಕೊಳ್ಳುತ್ತಿದ್ದವು.

ಈ ಕೆಲಸ ಮಾಡಿದ್ದು ಹಡ್ಸನ್ ಕಣಿವೆಯಲ್ಲೇ ಇರುವ ಕ್ಯಾರಿ ಸಂಸ್ಥೆಯವರು. ಡೇವಿಡ್ ಸ್ಟ್ರೇಯರ್ ಮತ್ತು ಅವರ ಸಂಗಡಿಗರು. ಅವರ ಅದೃಷ್ಟ ಎನ್ನಬೇಕೋ ಮುಂದಾಲೋಚನೆ ಎನ್ನಬೇಕೋ, ಚಿಪ್ಪು ಬರುವ ಮೊದಲೇ, 1980ರ ದಶಕದಲ್ಲೇ ನದಿಯ ನೀರನ್ನು ತಪ್ಪದೆ ಅಳೆಯತೊಡಗಿದ್ದರು. "ಮೊದಲು" ಎನ್ನುವುದನ್ನು ಯಾರೋ ಬರೆದಿಟ್ಟಿದ್ದರಿಂದ "ಆಮೇಲೆ" ಎನ್ನುವುದಕ್ಕೆ ಅರ್ಥ ಬಂತು. ಬಹುತೇಕ ನದಿಗಳಿಗೆ ಆ ಭಾಗ್ಯ ಇಲ್ಲ.

ಮಲೆನಾಡ ಮೇಷ್ಟ್ರು

ಅಲ್ಲಿಯ ಮೂಲ ಚಿಪ್ಪುಗಳ ಗತಿ ಏನಾಯಿತು? ಅದನ್ನು ಬಿಟ್ಟೇಬಿಟ್ಟಿರಿ.

ಸರೋವರದೂರು

ನಿರ್ನಾಮವಾದವು ಮೇಷ್ಟ್ರೇ. ಜೀಬ್ರಾ ಚಿಪ್ಪುಗಳು ಅವುಗಳ ಬೆನ್ನ ಮೇಲೇ ಮನೆ ಕಟ್ಟುತ್ತವೆ. ಬಾಯಿ ತೆರೆಯಲು ಆಗದೆ ಸಾಯುತ್ತವೆ.

ಹೊಳೆದಂಡೆ

ನಿಮ್ಮ ಸರೋವರಗಳಲ್ಲಿ ಅನೇಕ ಕಡೆ ಹಾಗೇ ಆಯಿತು, ಸರೋವರದೂರು ಅವರೇ. ಹಡ್ಸನ್‌ನಲ್ಲಿ ಕಥೆ ಸ್ವಲ್ಪ ಬೇರೆ. ಇಲ್ಲಿ ಬೆನ್ನೇರಿ ಕೂತದ್ದಕ್ಕಿಂತ ಊಟ ಕಿತ್ತುಕೊಂಡದ್ದೇ ದೊಡ್ಡ ಪೆಟ್ಟು ಎನ್ನುತ್ತಾರೆ. ತೊಂಬತ್ತರ ದಶಕದಲ್ಲಿ ಮೂಲ ಚಿಪ್ಪುಗಳು ಪಾತಾಳಕ್ಕೆ ಇಳಿದವು, ಮುಗಿದೇಹೋಯಿತು ಎಂದುಕೊಂಡರು. ಆದರೆ 2000ರ ಹೊತ್ತಿಗೆ ಇಳಿಯುವುದು ನಿಂತಿತು. ಹಿಂದಿನ ಸಂಖ್ಯೆಯ ಸಣ್ಣದೊಂದು ಪಾಲು ಮಾತ್ರ, ಆದರೂ ಉಳಿದುಕೊಂಡಿವೆ.

ಇನ್ನೂ ಇದೆ. ಜೀಬ್ರಾ ಚಿಪ್ಪುಗಳೂ ಈಗ ಮೊದಲಿನಂತೆ ದೀರ್ಘಾಯುಷಿಗಳಲ್ಲ. ದೊಡ್ಡವಾಗುವ ಮೊದಲೇ ಸಾಯುತ್ತಿವೆ, ಸಣ್ಣ ಚಿಪ್ಪು ಸೋಸುವುದೂ ಕಡಿಮೆ. ನೀಲಿ ಏಡಿಗಳು ತಿನ್ನುತ್ತಿರುವುದು ಅದಕ್ಕೆ ಒಂದು ಕಾರಣ ಇರಬಹುದು. ಸಣ್ಣ ತೇಲುಪ್ರಾಣಿಗಳು ಚೇತರಿಸಿಕೊಂಡಿವೆ. ನನ್ನ ಮೊದಲ ಪಾಠದ ಇನ್ನೊಂದು ತಪ್ಪು ಇದೇ: ಕಥೆಯನ್ನು 1992ಕ್ಕೆ ನಿಲ್ಲಿಸಿಬಿಟ್ಟಿದ್ದೆ. ಮೂವತ್ತು ವರ್ಷದ ಸಿನಿಮಾದಲ್ಲಿ ಮಧ್ಯಂತರಕ್ಕೆ ಎದ್ದುಬಂದ ಹಾಗೆ.

ಮಲೆನಾಡ ಮೇಷ್ಟ್ರು

ಮೂಲ ಚಿಪ್ಪಿಗೂ ಹೊಸದಕ್ಕೂ ಇರುವ ವ್ಯತ್ಯಾಸವನ್ನು ಬಿಡಬೇಡ. ಮಕ್ಕಳಿಗೆ ರುಚಿಸುವ ಭಾಗ ಅದು. ನಮ್ಮ ಹೊಳೆಯ ಕಪ್ಪೆಚಿಪ್ಪು ಆಗಲಿ ನಿಮ್ಮ ಕಡೆಯ ಮೂಲದ್ದಾಗಲಿ ಒಂದೇ ಸಂಸಾರದ ಪೈಕಿ. ಅದರ ಮರಿ ಕೆಲವು ದಿನ ಮೀನಿನ ಕಿವಿರಿಗೋ ರೆಕ್ಕೆಗೋ ಅಂಟಿಕೊಂಡು ಇರಲೇಬೇಕು, ಆಮೇಲೆ ಕಳಚಿ ಮರಳಿಗೆ ಬೀಳುತ್ತದೆ. ಮೀನು ಇಲ್ಲದಿದ್ದರೆ ವಂಶವೇ ಮುಂದುವರಿಯದು. ಜೀಬ್ರಾಕ್ಕೆ ಯಾರ ಹಂಗೂ ಇಲ್ಲ. ಒಂದು ಹೆಣ್ಣು ವರ್ಷಕ್ಕೆ ಹತ್ತು ಲಕ್ಷದವರೆಗೆ ಮೊಟ್ಟೆ ಇಡಬಲ್ಲದು, ಮರಿಗಳು ವಾರಗಟ್ಟಲೆ ನೀರಿನಲ್ಲಿ ತೇಲುತ್ತ ಹೋಗುತ್ತವೆ. ಒಂದು ಬಸ್ಸಿಗಾಗಿ ಕಾಯುವ ಪ್ರಯಾಣಿಕ, ಇನ್ನೊಂದು ಗಾಳಿಗೆ ಹಾರುವ ಎಕ್ಕದ ಬೀಜ.

ಬಂದರಿನವನು

ವಿಶಾಖಪಟ್ಟಣದ ಬಂದರಿನಲ್ಲಿ ಬಹಳ ವರ್ಷ ದುಡಿದು ಈಗ ಕುಂದಾಪುರದಲ್ಲಿ ನೆಲೆಸಿದವನು. ಇದೆಲ್ಲ ಅಮೆರಿಕದ ಕಥೆ ಎಂದುಕೊಳ್ಳಬೇಡಿ ಎಂದು ಹೇಳಲು ಬಂದೆ.

ಜೀಬ್ರಾ ಚಿಪ್ಪಿನ ದಾಯಾದಿಯೊಂದು ನಮ್ಮಲ್ಲಿ ಆಗಲೇ ಇದೆ. ಮೈಟಿಲಾಪ್ಸಿಸ್ ಎಂದು ಶಾಸ್ತ್ರದ ಹೆಸರು, ಅದೇ ಕುಟುಂಬ, ಮೂಲ ಕೆರಿಬಿಯನ್ ಮತ್ತು ಮೆಕ್ಸಿಕೋ ಕೊಲ್ಲಿಯ ಕಡೆ. 1967ರ ಸುಮಾರಿಗೆ ವಿಶಾಖಪಟ್ಟಣದಲ್ಲಿ ಕಂಡಿತು, ಆಮೇಲೆ ಮುಂಬೈಯ ಹಡಗುಕಟ್ಟೆಯಲ್ಲೂ. ಅರೆ ಉಪ್ಪುನೀರಿನಲ್ಲಿ ಚೆನ್ನಾಗಿ ಬೆಳೆಯುತ್ತದೆ. ಹಡಗಿನ ತಳಕ್ಕೆ ಗೇಣುದ್ದ ದಪ್ಪನೆಯ ಪದರವಾಗಿ ಅಂಟಿರುವುದನ್ನು ಉಳಿಯಿಂದ ಎಬ್ಬಿಸುವಾಗ ಬರುವ ಸದ್ದು, ಒಣಗಿದ ಹೆಂಚು ಒಡೆದ ಹಾಗೆ, ಈಗಲೂ ಕಿವಿಯಲ್ಲಿದೆ. ಕೈಗವಸು ಹರಿದುಹೋಗುತ್ತಿತ್ತು.

ಇದೇ ಜೀವಿ 1999ರಲ್ಲಿ ಆಸ್ಟ್ರೇಲಿಯದ ಡಾರ್ವಿನ್ ಊರಿನ ದೋಣಿ ತಂಗುದಾಣಗಳಲ್ಲಿ ಕಂಡಾಗ ಅವರು ತಡಮಾಡಲಿಲ್ಲ. ತೂಬು ಮುಚ್ಚಿ, ನೀರಿಗೆ ಕ್ಲೋರಿನ್ ಮತ್ತು ಮೈಲುತುತ್ತ ಸುರಿದು ಕೊಂದೇಬಿಟ್ಟರು. ಒಳಗಿದ್ದ ಉಳಿದ ಜೀವಿಗಳೂ ಸತ್ತವು. ಸಾಧ್ಯವಾದದ್ದು ಬಾಗಿಲು ಮುಚ್ಚಬಹುದಾದ ಸಣ್ಣ ಜಾಗವಾದ್ದರಿಂದ. ಹರಿಯುವ ನದಿಗೆ ಬಾಗಿಲು ಎಲ್ಲಿದೆ? ಕೇರಳದ ಅಷ್ಟಮುಡಿ, ವೆಂಬನಾಡು ಹಿನ್ನೀರಿನಲ್ಲೂ ಅಮೆರಿಕ ಮೂಲದ ಮತ್ತೊಂದು ಚಿಪ್ಪು ಇತ್ತೀಚಿನ ವರ್ಷಗಳಲ್ಲಿ ಹರಡಿದೆ. ನಮ್ಮ ಕರಾವಳಿಯ ಅಳಿವೆಗಳಲ್ಲಿ ಮರುವಾಯಿ, ಅಂದರೆ ತಿನ್ನುವ ಚಿಪ್ಪು, ಹೆಕ್ಕಿ ಬದುಕುವವರು ಬಹಳ ಮಂದಿ ಇದ್ದಾರೆ, ಅದಕ್ಕೇ ಹೇಳಿದೆ.

ಸಂಶಯಾತ್ಮ

ಹಾಗಾದರೆ ಜೀಬ್ರಾ ಚಿಪ್ಪು ತುಂಗೆಗೂ ಬರಬಹುದೇ?

ಮಲೆನಾಡ ಮೇಷ್ಟ್ರು

ಬಂದರೂ ಬಾಳುವುದು ಕಷ್ಟ. ಚಿಪ್ಪು ಕಟ್ಟಲು ನೀರಿನಲ್ಲಿ ಸುಣ್ಣದ ಅಂಶ ಸಾಕಷ್ಟು ಇರಬೇಕು. ಮಲೆನಾಡಿನ ಹೊಳೆಗಳದು ಮೆದು ನೀರು. ಸೋಪು ಹಾಕಿದರೆ ನೊರೆಯೋ ನೊರೆ, ತೊಳೆದಷ್ಟೂ ಹೋಗುವುದಿಲ್ಲ. ಜೊತೆಗೆ ಅದು ತಂಪು ಸೀಮೆಯ ಜೀವಿ, ನಮ್ಮ ಬಯಲುಸೀಮೆಯ ಬೇಸಿಗೆಯ ಕೆರೆನೀರು ಅದಕ್ಕೆ ಹೆಚ್ಚೇ ಬಿಸಿ. ಆದರೆ ಮಕ್ಕಳಿಗೆ "ನಮಗೆ ಭಯವಿಲ್ಲ" ಎಂದು ಹೇಳಬೇಡಿ. 1952ರಲ್ಲಿ ದೇಶಕ್ಕೆ ಬಂದ ತಿಲಾಪಿಯ, ನಾವು ಜಿಲೇಬಿ ಎನ್ನುವ ಮೀನು, ಈಗ ಯಾವ ಕೆರೆಯಲ್ಲಿಲ್ಲ ಹೇಳಿ? ನನ್ನ ತರಗತಿಯಲ್ಲಿ ಜಿಲೇಬಿ ನಮ್ಮದೇ ಮೀನು ಎಂದು ಎಲ್ಲರೂ ನಂಬಿದ್ದರು.

ಹೊಳೆದಂಡೆ

ಒಂದು ವಿಷಯ ಕೇಳಬೇಕು, ಇದು ಮನಸ್ಸಿನಲ್ಲಿ ಕೊರೆಯುತ್ತಿದೆ. ನನ್ನ ತರಗತಿಯಲ್ಲಿ ಮೆಕ್ಸಿಕೋ, ಹೈಟಿ, ಬಾಂಗ್ಲಾದೇಶ, ಭಾರತದಿಂದ ಬಂದ ಮನೆಗಳ ಮಕ್ಕಳಿದ್ದಾರೆ. "ಆಕ್ರಮಣಕಾರಿ ಪರದೇಶಿ ಜೀವಿ" ಎಂದು ನಾನು ಹಲಗೆಯ ಮೇಲೆ ಬರೆದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಮೆಲ್ಲಗೆ, "ಮೇಡಂ, ನಾವೂ ಹೊರಗಿನವರೇ" ಎಂದ. ಪಕ್ಕದವನು ನಕ್ಕ. ನನಗೆ ನಗು ಬರಲಿಲ್ಲ. ನಾನೂ ವೀಸಾ ಹಿಡಿದು ಬಂದವಳೇ.

ಲೆಕ್ಕದ ಮಾಸ್ತರ

ಮೆಣಸಿನಕಾಯಿ ತಗೊಂಡು ಹೋಗಿ ಮೇಡಂ. ಬ್ಯಾಡಗಿ ಮೆಣಸಿನಕಾಯಿ. ಅದರ ಅಜ್ಜನೂ ಅಮೆರಿಕದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದವನು. ನಮ್ಮ ಯಾವ ಹೊಳೆಯನ್ನೂ ಬರಿದು ಮಾಡಲಿಲ್ಲ, ನಮ್ಮ ಊಟಕ್ಕೇ ರುಚಿ ಕೊಟ್ಟ. ಹೊರಗಿನಿಂದ ಬಂದ ಜೀವಿಗಳಲ್ಲಿ ಬಹುಪಾಲು ಯಾರಿಗೂ ತೊಂದರೆ ಕೊಡುವುದಿಲ್ಲ. ಎಲ್ಲಿಂದ ಬಂತು ಎನ್ನುವುದನ್ನು ಬಿಟ್ಟು, ಬಂದು ಏನು ಮಾಡಿತು ಎಂದು ಅಳೆಯಿರಿ. ಹಲಗೆಯ ಮೇಲಿನ ಆ ಎರಡು ವಿಶೇಷಣಗಳನ್ನು ಅಳಿಸಿ, ಸಂಖ್ಯೆ ಬರೆಯಿರಿ.

ಸರೋವರದೂರು

ಮಾಸ್ತರ ಮಾತಿಗೆ ನನ್ನ ಸಹಿ. ಚಿಪ್ಪನ್ನು ಕರೆತಂದದ್ದೂ ಮನುಷ್ಯನ ಹಡಗೇ, ಅದು ನಡೆದು ಬರಲಿಲ್ಲ. 2021ರಲ್ಲಿ ಅಕ್ವೇರಿಯಮ್ ಅಂಗಡಿಗಳಲ್ಲಿ ಮಾರುವ ಪಾಚಿಯ ಉಂಡೆಗಳೊಳಗೆ ಜೀವಂತ ಜೀಬ್ರಾ ಚಿಪ್ಪು ಸಿಕ್ಕಿತು, ಹಲವು ರಾಜ್ಯಗಳಲ್ಲಿ. ಹಡಗು ಎಂದರೆ ಮಕ್ಕಳಿಗೆ ದೂರ, ಮನೆಯ ಮೀನಿನ ತೊಟ್ಟಿ ಹತ್ತಿರ. ತೊಟ್ಟಿಯ ನೀರನ್ನು ಹಳ್ಳಕ್ಕೆ ಸುರಿಯಬೇಡಿ ಎನ್ನುವುದನ್ನು ಅಲ್ಲಿಂದ ಹೇಳಬಹುದು. ಮತ್ತೆ, ಜೀವಂತ ಚಿಪ್ಪನ್ನು ತರಗತಿಗೆ ಒಯ್ಯಬೇಡಿ, ಸಾಗಿಸುವುದು ಕಾನೂನಿಗೆ ವಿರುದ್ಧ.

ಹೊಳೆದಂಡೆ

ನನ್ನವು ಒಣಗಿದ ಚಿಪ್ಪುಗಳೇ, ನಿಶ್ಚಿಂತೆಯಿಂದಿರಿ.

ನಿನ್ನೆ ಎರಡನೆಯ ಬಾರಿ ಪಾಠ ಮಾಡಿದೆ. ಚಿಪ್ಪಿನ ಮಾತೇ ಎತ್ತದೆ ಮೊದಲು ನದಿಗೆ ಕರೆದೊಯ್ದೆ. ಬಕೆಟ್ಟಿನ ಮುಚ್ಚಳಕ್ಕೆ ಕಪ್ಪು ಬಿಳಿ ಕಾಲುಭಾಗಗಳ ಬಣ್ಣ ಬಳಿದು, ಹಗ್ಗ ಕಟ್ಟಿ, ಅಡಿಗೆ ಒಂದು ಕಲ್ಲು ತೂಗಿಸಿ, ಕಟ್ಟೆಯಿಂದ ಇಳಿಬಿಟ್ಟೆವು. ಮುಚ್ಚಳ ಕಣ್ಮರೆಯಾದ ಆಳಕ್ಕೆ ಹಗ್ಗದ ಮೇಲೆ ಬಟ್ಟೆ ಒಣಗಿಸುವ ಕ್ಲಿಪ್ಪು. ಐದು ಗುಂಪಿಗೆ ಐದು ಉತ್ತರ ಬಂತು, ಜಗಳವೂ ಆಯಿತು. ಉಬ್ಬರದ ನದಿ ಇದು, ಹೂಳು ಏಳುತ್ತಿರುತ್ತದೆ, ಹಾಗಾಗಿ ಮಸುಕಿಗೆಲ್ಲ ಪಾಚಿಯೇ ಕಾರಣವಲ್ಲ ಎಂದು ಅವರಿಗೇ ಹೊಳೆಯಿತು. ತರಗತಿಗೆ ಮರಳಿ ಪಾಚಿಯ ಅಂಕಿಗಳನ್ನು ವರ್ಷ ವರ್ಷವಾಗಿ ಒಂದೊಂದೇ ಚೀಟಿಯಲ್ಲಿ ಕೊಟ್ಟು ಗೋಡೆಯ ಮೇಲೆ ಚುಕ್ಕಿ ಇಡಿಸಿದೆ. 1993 ಬಂದ ಕೂಡಲೇ ಚುಕ್ಕಿ ಇಡುತ್ತಿದ್ದ ಹುಡುಗ ಬಗ್ಗಿ, ನೆಲದ ಹತ್ತಿರ ಹೋಗಬೇಕಾಯಿತು. "ಮೇಡಂ, ಚೀಟಿ ತಪ್ಪಿರಬೇಕು" ಎಂದ. ಆಗ ಡಬ್ಬಿ ತೆರೆದೆ.

ಪದಕ ಹಾಕಿದ್ದ ಹುಡುಗಿ ಚಿತ್ರವನ್ನು ಬದಲಾಯಿಸುವುದಿಲ್ಲವಂತೆ. ಆ ಕೆಳಗೆ ಒಂದು ಸಾಲು ಸೇರಿಸಿದ್ದಾಳೆ: "ಸನ್‌ಫಿಶ್ ಕೊಟ್ಟ ಪದಕ."

ಮಲೆನಾಡ ಮೇಷ್ಟ್ರು

ಭೇಷ್! ಅವಳಿಗೆ ನನ್ನ ಕಡೆಯಿಂದಲೂ ಒಂದು ಪದಕ.

ನಾವೂ ಇಲ್ಲಿ ಬಾಟಲಿ ಪ್ರಯೋಗ ಮಾಡಿದೆವು. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಹರಿಯುವಾಗ ಆಗುವುದಿಲ್ಲ, ದೀಪಾವಳಿ ಕಳೆಯಲಿ ಎಂದು ಕಾದಿದ್ದೆ. ಎರಡು ಗಾಜಿನ ಭರಣಿ, ಎರಡಕ್ಕೂ ಕೆರೆಯ ಹಸಿರು ನೀರು. ಒಂದಕ್ಕೆ ಅಂಗೈಯಗಲದ ಕಪ್ಪೆಚಿಪ್ಪು, ಇನ್ನೊಂದಕ್ಕೆ ಅಷ್ಟೇ ಗಾತ್ರದ ಕಲ್ಲು. ನಲ್ಲಿಯ ನೀರು ಬೇಡ, ಕ್ಲೋರಿನ್ ಇರುತ್ತದೆ. ಮೊದಲ ಒಂದು ಗಂಟೆ ಚಿಪ್ಪು ಬಾಯಿಯನ್ನೇ ಬಿಡಲಿಲ್ಲ. ಮಕ್ಕಳು ಬೇಸರಪಟ್ಟರು, ಒಬ್ಬ ಮೇಜು ಕುಟ್ಟಿದ, ಅದು ಇನ್ನೂ ಬಿಗಿಯಾಯಿತು. ಬಿಸಿಯೂಟ ಮುಗಿಸಿ ಬಂದಾಗ ಬಾಯಿ ಕೂದಲೆಳೆಯಷ್ಟು ತೆರೆದಿತ್ತು, ಅಂಚಿನಲ್ಲಿ ಎರಡು ಸಣ್ಣ ತೂತು. ಚಿಟಿಕೆ ಅರಿಶಿನವನ್ನು ನೀರಿನಲ್ಲಿ ಕದಡಿ ಒಂದು ತೊಟ್ಟು ಹತ್ತಿರ ಬಿಟ್ಟೆ. ಹಳದಿ ಗೆರೆಯೊಂದು ನೆಟ್ಟಗೆ ಒಳಗೆ ಹೋಯಿತು. ಇಡೀ ತರಗತಿ ಉಸಿರು ಹಿಡಿದು ನೋಡಿತು.

ನಾಲ್ಕು ಗಂಟೆಗೆ ಆ ಭರಣಿಯ ಹಿಂದೆ ಪುಸ್ತಕ ಹಿಡಿದರೆ ಅಕ್ಷರ ಕಾಣುತ್ತಿತ್ತು, ಕಲ್ಲಿನ ಭರಣಿಯಲ್ಲಿ ಇಲ್ಲ. ಚಿಪ್ಪನ್ನು ತೆಗೆದ ಮರಳಿಗೇ ಮರಳಿ ಬಿಡಲು ಆರು ಮಂದಿ ಹುಡುಗರು ಹೊಳೆಗೆ ಬಂದರು. ಯಾವ ಕಡೆ ಮೇಲೆ ಮಾಡಿ ಇಡಬೇಕು ಎಂದು ದಾರಿಯುದ್ದಕ್ಕೂ ವಾದ. ನನಗೂ ಸರಿಯಾಗಿ ಗೊತ್ತಿರಲಿಲ್ಲ, ಅಡ್ಡ ಮಲಗಿಸಿದೆವು. ಸ್ವಲ್ಪ ಹೊತ್ತಿಗೆ ಕಾಲು ಚಾಚಿ, ತಾನೇ ನೆಟ್ಟಗಾಗಿ, ಮರಳೊಳಗೆ ಇಳಿಯಿತು.